ರಾಜಿ ಎಂಬ ಮಾತು

ನಮ್ಮ ಕೋರ್ಟುಗಳ ಕನ್ನಡದಲ್ಲಿ ಅರ್ಧಕ್ಕರ್ಧ ಅರಬ್ಬಿ, ಫಾರಸಿಯಿಂದ ಬಂದದ್ದು. ವಕೀಲ, ವಕಾಲತ್ತು, ದಾವೆ, ಅಮೀನ, ಜಾಮೀನು, ಜಪ್ತಿ. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತ ನಮಗೆ ಈ ಮಾತುಗಳು ಎರಡೂ ಕಡೆಯ ನೆಂಟರಿದ್ದ ಹಾಗೆ. ಆದರೆ ನೆಂಟರು ಊರು ಬದಲಿಸಿದ ಮೇಲೆ ಗುಣವನ್ನೂ ಬದಲಿಸುತ್ತಾರೆ. 'ತಕ್ರಾರ್' ಎಂದರೆ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಉರ್ದುವಿನಲ್ಲಿ ಅದು ಜಗಳವಾಯಿತು, ಕನ್ನಡದಲ್ಲಿ ತಕರಾರಾಯಿತು. 'ವಾದಾ' ಎಂದರೆ ಕೊಟ್ಟ ಮಾತು. ನಮ್ಮಲ್ಲಿ ಅದು ವಾಯಿದೆ, ಮುಂದಕ್ಕೆ ಹೋಗುತ್ತಲೇ ಇರುವ ತಾರೀಕು. ಇನ್ನು 'ರಾಜಿ' ಎಂದರೆ ಮನಸಾರೆ ಒಪ್ಪಿದವನು. ನಿಕಾಹ್‌ನಲ್ಲಿ ಹುಡುಗಿಯ ರಜಾಮಂದಿ ಕೇಳುತ್ತಾರಲ್ಲ, ಅದೇ ಬೇರಿನ ಮಾತು. ಕೋರ್ಟಿನ ಕಟ್ಟೆಯ ಮೇಲೆ ಮಾತ್ರ 'ರಾಜಿ ಮಾಡ್ಕೊಂಡ' ಎಂದರೆ ಸೋತ ಎಂದೇ ಅರ್ಥ.

ಹಾಗೆ ಅರ್ಥ ಮಾಡಿಕೊಂಡವರ ಸಾಲಿನಲ್ಲಿ ನಮ್ಮ ಅಮ್ಮಿಯ ವಕೀಲರೂ ಇದ್ದರು. ಮೂವತ್ತು ವರ್ಷ ಸಿವಿಲ್ ದಾವೆಗಳನ್ನು ನಡೆಸಿದವರು. ಪಾಟೀಸವಾಲಿಗೆ ಅವರು ಎದ್ದು ನಿಂತರೆ ಪಕ್ಕದ ಕೋರ್ಟಿನ ಜೂನಿಯರುಗಳು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಲೇಬಾರದು ಎಂಬುದು ಅವರು ತಮ್ಮ ಹುಡುಗರಿಗೆ ಕಲಿಸುತ್ತಿದ್ದ ಮೊದಲ ಪಾಠ.

ಅಮ್ಮಿಯದು ಪಾಲಿನ ದಾವೆ. ಇಬ್ಬರು ಅಣ್ಣಂದಿರು, ಇವಳೊಬ್ಬಳು ತಂಗಿ. ಷರೀಅತ್ತಿನ ಲೆಕ್ಕದಲ್ಲಿ ತಂದೆಯ ಮನೆ, ಅಂಗಡಿಯಲ್ಲಿ ಐದರಲ್ಲೊಂದು ಪಾಲು. ಕೊಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ರುಜು ಹಾಕು ಎಂದಷ್ಟೇ ಹೇಳಿದರು, ಅದೂ ಈದಿನ ಮಾರನೇ ದಿನ, ಊಟಕ್ಕೆ ಕೂತಾಗ. 1988ರಲ್ಲಿ ಹಾಕಿದ ದಾವೆಗೆ 1999ರಲ್ಲಿ ಪ್ರಾಥಮಿಕ ಡಿಕ್ರಿ ಬಂತು. ಪಾಲಿನ ದಾವೆಯಲ್ಲಿ ಅದು ಅರ್ಧ ದಾರಿ ಮಾತ್ರ. ಯಾರಿಗೆ ಎಷ್ಟು ಎಂದು ಅದು ಹೇಳುತ್ತದೆ. ಯಾವ ಗೋಡೆಯಿಂದ ಯಾವ ಗೋಡೆಯವರೆಗೆ ಎಂದು ಹೇಳಲು ಕೋರ್ಟ್ ಕಮಿಷನರು ಟೇಪು ಹಿಡಿದು ಬರಬೇಕು, ಆಮೇಲೆ ಅಂತಿಮ ಡಿಕ್ರಿಯಾಗಬೇಕು. ಅದು ಬಂದದ್ದು 2006ರಲ್ಲಿ. ಮಧ್ಯೆ, 2003ರಲ್ಲಿ, ದೊಡ್ಡ ಮಾಮು ತೀರಿಕೊಂಡರು. ನಮ್ಮ ಮನೆಗೆ ಹೇಳಿ ಕಳುಹಿಸಲಿಲ್ಲ. ಮಸೀದಿಯ ಮೈಕಿನಲ್ಲಿ ಜನಾಜಾದ ಹೊತ್ತು ಕೂಗಿದಾಗ ಅಮ್ಮಿ ರೊಟ್ಟಿ ತಟ್ಟುತ್ತಿದ್ದಳು.

ಡಿಕ್ರಿಯ ನಕಲನ್ನು ವಕೀಲರೇ ಮನೆಗೆ ತಂದುಕೊಟ್ಟರು. 'ಗೆದ್ದಿರಿ ಅಮ್ಮಾ' ಎಂದರು. ಅಮ್ಮಿ ಚಹಾ ಕೊಟ್ಟು, 'ನಿಮ್ಮ ಮೆಹರ್ಬಾನಿ ವಕೀಲ್ ಸಾಬ್, ಈಗ ಆ ಮನೆಗೆ ಹೋಗಿ ನಾನು ಯಾರ ಹತ್ತಿರ ಮಾತಾಡಲಿ?' ಎಂದು ಕೇಳಿದಳು. ಅವರಿಗೆ ಉತ್ತರ ಗೊತ್ತಿರಲಿಲ್ಲ.

ಒಂದೇ ಮಾತಿಗೆ ಮನುಷ್ಯ ಬದಲಾಗುವುದು ನಮ್ಮ ಕಥೆಗಳಲ್ಲಿ, ಬದುಕಿನಲ್ಲಿ ಅಲ್ಲ. ಕಾಲವೂ ಬದಲಾಗಿತ್ತು. ವ್ಯಾಜ್ಯವನ್ನು ಸಂಧಾನಕ್ಕೋ ಆರ್ಬಿಟ್ರೇಷನ್‌ಗೋ ಕಳುಹಿಸಲು ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರ ಜುಲೈಯಲ್ಲಿ ಜಾರಿಗೆ ಬಂದಿತ್ತು. 2005ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಮಧ್ಯಸ್ಥಿಕೆ ಕೇಂದ್ರ ತೆರೆಯಿತು, 2007ರ ಜನವರಿಯಲ್ಲಿ ಬೆಂಗಳೂರಿನಲ್ಲಿ. ಹದಿನೈದು ವರ್ಷ ವಕೀಲಿ ಮಾಡಿದವರು ನಲವತ್ತು ಗಂಟೆ ತರಬೇತಿ ಪಡೆದು ಮಧ್ಯಸ್ಥರಾಗಬಹುದಿತ್ತು. ನಮ್ಮ ವಕೀಲರು ಸೇರಿದರು. ಬಾರ್ ರೂಮಿನಲ್ಲಿ ನಕ್ಕರಂತೆ, 'ಹುಲಿ ಹುಲ್ಲು ಮೇಯಲು ಹೊರಟಿದೆ' ಎಂದು.

ಹುಲಿಗೆ ಕಷ್ಟವೇ ಆಯಿತು. ವಾದಿಸುವ ನಾಲಿಗೆಯನ್ನು ಕಟ್ಟಿಹಾಕಬೇಕು. ಇಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ಕೇಳಬೇಕು: 'ನಿಮಗೆ ನಿಜವಾಗಿ ಏನು ಬೇಕು?' ಮೊದಲು ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುವುದು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುವುದು. ಒಳಗೆ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಎತ್ತುವ ಹಾಗಿಲ್ಲ. ಒಪ್ಪಂದವಾದರೆ ಕೋರ್ಟು ಅದನ್ನೇ ಡಿಕ್ರಿ ಮಾಡುತ್ತದೆ, ಅದರ ಮೇಲೆ ಅಪೀಲಿಲ್ಲ. ಒಪ್ಪಂದವಾಗದಿದ್ದರೆ ಕಡತ ಬಂದ ದಾರಿಯಲ್ಲೇ ವಾಪಸು. ಕಥೆ ಬರೆಯುವ ನಮಗೆ ಈ ಗುಟ್ಟಿನ ನಿಯಮದಿಂದ ದೊಡ್ಡ ನಷ್ಟ. ಎಷ್ಟು ಕೆದಕಿದರೂ ಅವರು ಒಂದೇ ಒಂದು ಕಥೆ ಬಿಟ್ಟುಕೊಟ್ಟಿಲ್ಲ.

ಆರ್ಬಿಟ್ರೇಷನ್ ಬೇರೆ. ಕಂಟ್ರಾಕ್ಟರುಗಳ ಬಿಲ್ಲು, ಪಾಲುದಾರಿಕೆ ಮುರಿದ ಮಿಲ್ಲು, ಇಂಥವು ಅವರ ಬಳಿಗೆ ಬರುತ್ತವೆ. 1996ರ ಕಾಯ್ದೆಯ ಪ್ರಕಾರ ಅವರು ಬರೆದ ತೀರ್ಪು ಡಿಕ್ರಿಯಂತೆಯೇ ಜಾರಿಯಾಗುತ್ತದೆ, ಪ್ರಶ್ನಿಸಲು ಕಾರಣಗಳು ಕೆಲವೇ. ದುಡ್ಡೂ ಅದರಲ್ಲೇ. ಆದರೆ ಅಲ್ಲೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಸೋಲುತ್ತಾನೆ. ಜಡ್ಜನ್ನು ತಾವೇ ಆರಿಸಿಕೊಂಡಿರುತ್ತಾರೆ, ಅಷ್ಟೆ.

ಪಂಚಾಯ್ತಿ ನಮಗೇನು ಹೊಸದೇ ಎಂದು ಹಿರಿಯರು ಕೇಳುತ್ತಾರೆ. ಗಂಡ ಹೆಂಡಿರಲ್ಲಿ ಒಡಕು ಬಂದರೆ ಅವನ ಕಡೆಯಿಂದ ಒಬ್ಬ, ಅವಳ ಕಡೆಯಿಂದ ಒಬ್ಬ ಹಕಮ್ ಕೂತು ಸರಿಪಡಿಸಲಿ ಎಂದು ಸೂರಾ ನಿಸಾದಲ್ಲಿದೆ. ಪ್ರೇಮಚಂದರ 'ಪಂಚ ಪರಮೇಶ್ವರ'ದ ಜುಮ್ಮನ್ ಶೇಖನನ್ನೂ ಆತನ ಖಾಲಾಳನ್ನೂ ಉರ್ದು ಓದಿದ ಯಾರು ಮರೆತಾರು? ಆದರೆ ಆ ಕಥೆಯಲ್ಲಿ ಖಾಲಾ ಪಂಚರ ಮುಂದೆ ತಾನೇ ನಿಂತು ಮಾತಾಡುತ್ತಾಳೆ. ನಾವು ಕಂಡ ಎಷ್ಟೋ ಜಮಾಅತ್ ಪಂಚಾಯ್ತಿಗಳಲ್ಲಿ ಹೆಣ್ಣು ಪರದೆಯಾಚೆ ಕೂತಿರುತ್ತಾಳೆ. ಅವಳ ಪರವಾಗಿ ಅಣ್ಣನೋ ಅಪ್ಪನೋ 'ರಾಜಿ' ಎನ್ನುತ್ತಾನೆ. ಸರ್ಕಾರಿ ಕೇಂದ್ರಗಳಲ್ಲೂ 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎನ್ನುವವರಿಗೆ ಬರವಿಲ್ಲ. ಬಲವಿಲ್ಲದವರು ಒಪ್ಪಿದ್ದನ್ನೆಲ್ಲ ರಾಜಿ ಎಂದು ಬರೆದುಕೊಳ್ಳಲು ನಮಗೆ ಮನಸ್ಸಿಲ್ಲ. ವಕೀಲರಿಗೂ ಇಲ್ಲ. ಅದಕ್ಕೇ ಅವರು ಹಕ್ಕು ಬಿಡುವ ಹೆಣ್ಣುಮಕ್ಕಳನ್ನು ಅಣ್ಣಂದಿರಿಂದ ಬೇರೆ ಕೂರಿಸಿ, ಈ ಪಾಲಿನ ಇವತ್ತಿನ ಬೆಲೆ ಗೊತ್ತೇ ಎಂದು ಮೊದಲು ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರುವವರೆಗೆ ಮಾತು ಮುಂದಕ್ಕೆ ಹೋಗುವುದಿಲ್ಲ.

2019ರ ಮಾರ್ಚಿನಲ್ಲಿ ಅಯೋಧ್ಯೆಯ ವ್ಯಾಜ್ಯವನ್ನು ಸುಪ್ರೀಂ ಕೋರ್ಟು ಮಧ್ಯಸ್ಥಿಕೆಗೆ ಒಪ್ಪಿಸಿದಾಗ ನಾವು ಅವರ ಬಳಿ ಓಡಿದ್ದೆವು. ನಿವೃತ್ತ ನ್ಯಾಯಮೂರ್ತಿ ಕಲೀಫುಲ್ಲಾ, ಶ್ರೀ ಶ್ರೀ ರವಿಶಂಕರ್, ಮದ್ರಾಸಿನ ಹಿರಿಯ ವಕೀಲ ಶ್ರೀರಾಮ್ ಪಂಚು. ಈ ಪಂಚು ಅವರೂ ವಾದ ಮಾಡುತ್ತಿದ್ದವರೇ, ಮದ್ರಾಸಿನ ಆ ಕೇಂದ್ರವನ್ನು ಕಟ್ಟಿದವರು. ಆಗುತ್ತದೆಯೇ ಎಂದು ಕೇಳಿದೆವು. 'ಎದುರು ಕೂತವರು ತಮ್ಮ ಮನೆಯವರನ್ನು ಒಪ್ಪಿಸಬಲ್ಲವರಾದರೆ ಆಗುತ್ತೆ. ಇಲ್ಲಿ ಮನೆ ಅಂದ್ರೆ ಇಡೀ ದೇಶ' ಎಂದರು. ಆಗಸ್ಟಿನಲ್ಲಿ ವಿಚಾರಣೆ ಶುರುವಾಯಿತು, ನವೆಂಬರ್ 9ಕ್ಕೆ ತೀರ್ಪು ಬಂತು.

2023ರಲ್ಲಿ ಮಧ್ಯಸ್ಥಿಕೆಗೇ ಒಂದು ಕಾಯ್ದೆಯಾಯಿತು. 120 ದಿನದಲ್ಲಿ ಮುಗಿಸಿ, ಇಬ್ಬರೂ ಒಪ್ಪಿದರೆ ಇನ್ನು 60 ದಿನ ಎನ್ನುತ್ತದೆ ಅದು. ಕೆಳಗಿನ ಕೋರ್ಟುಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಕಡತಗಳಿರುವ ದೇಶದಲ್ಲಿ ಅವಸರ ಅರ್ಥವಾಗುವಂಥದ್ದೇ. ಆದರೆ ಕಡತ ಕರಗಿಸುವುದಕ್ಕೆ ಇದು ದಾರಿ ಎಂದು ಯಾರಾದರೂ ಭಾಷಣ ಮಾಡಿದರೆ ನಮ್ಮ ವಕೀಲರಿಗೆ ಸಿಟ್ಟು ಬರುತ್ತದೆ.

ಮೊನ್ನೆ ಒಂದು ಮಾತು ಕೇಳಿದೆವು. ಅಮ್ಮಿಯ ದಾವೆ ಇವತ್ತು ನಿಮ್ಮ ಮುಂದೆ ಬಂದಿದ್ದರೆ? ಕನ್ನಡಕ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಮೊದಲ ಸಲ ನಿಮ್ಮ ಮಾಮು ಬರ್ತಿರಲಿಲ್ಲ. ಎರಡನೇ ಸಲ ಬಂದು ಕೂಗಾಡಿ ಎದ್ದು ಹೋಗ್ತಿದ್ರು. ಮೂರನೇ ಸಲಕ್ಕೆ ನಿಮ್ಮ ತಾಯಿಯನ್ನು ಮಾತಾಡೋಕೆ ಬಿಡ್ತಿದ್ದೆ. ಹನ್ನೊಂದು ವರ್ಷದಲ್ಲಿ ಆ ಹೆಣ್ಣುಮಗಳು ಸಾಕ್ಷಿ ಕಟ್ಟೆಯಲ್ಲಿ ಮಾತಾಡಿದ್ದು ಎರಡು ದಿನ, ಅದೂ ಹೌದು, ಅಲ್ಲ ಅಷ್ಟೇ. ಅಷ್ಟೇ ಹೇಳಿ ಅಂತ ಕಲಿಸಿದ್ದೂ ನಾನೇ' ಎಂದರು.