ಎಳೀತೈತೊ, ತೇಲತೈತೊ, ನಡಗತೈತೊ

ನಾಗಪುರದ ಲಕ್ಷ್ಮೀ ನಗರದಲ್ಲಿ, ಆಠ್ ರಸ್ತಾ ಚೌಕದಿಂದ ಸ್ವಲ್ಪ ಒಳಗೆ, ಧಾರವಾಡದ ಕಡೆಯವರೊಬ್ಬರ ಗೇಟಿನ ಮುಂದೆ ಹಳೆಯ ಮಾರುತಿ ಜಿಪ್ಸಿ ನಿಂತಿರುತ್ತದೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಈ ಊರಿಗೆ ಜಿಪ್ಸಿ ಹೊಸದಲ್ಲ. ಪೆಂಚ್, ತಾಡೋಬಾ ಕಾಡುಗಳಿಗೆ ಜನ ಇಲ್ಲಿಂದಲೇ ಹೋಗುತ್ತಾರೆ, ಅಲ್ಲಿ ಹುಲಿ ನೋಡಲು ವರ್ಷಗಟ್ಟಲೆ ಕರೆದೊಯ್ದದ್ದು ಇದೇ ಗಾಡಿ. ಆದರೆ ಈ ಜಿಪ್ಸಿ ಉಳಿದವಕ್ಕಿಂತ ಎತ್ತರ. ಮಗ ಕಾಲೇಜಿನಲ್ಲಿದ್ದಾಗ ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಜೋಡಿಸುವ ಶಾಕಲ್‌ಗಳನ್ನು ಬಿಚ್ಚಿ ಉದ್ದನೆಯವನ್ನು ಹಾಕಿದ್ದ, ದೊಡ್ಡ ಟೈರು ತೊಡಿಸಿದ್ದ. ಆಮೇಲೆ ಕೆಲಸಕ್ಕೆಂದು ಕೆನಡಾಕ್ಕೆ ಹೋದ. ಗಾಡಿ ಅಪ್ಪನ ಪಾಲಿಗೆ ಉಳಿಯಿತು.

ವರ್ಧಾ ರಸ್ತೆಯಲ್ಲಿ ಒಂದು ಸಂಜೆ, ವೇಗ ಅರವತ್ತರ ಆಸುಪಾಸು, ಮುಂದಿನ ಗಾಲಿ ಸಣ್ಣದೊಂದು ಗುಂಡಿಗೆ ಬಿತ್ತು. ಸ್ಟಿಯರಿಂಗ್ ಕೈಯಲ್ಲಿ ನಿಲ್ಲಲಿಲ್ಲ. ಎಡಕ್ಕೂ ಬಲಕ್ಕೂ ಪಟಪಟ ಹೊಡೆದುಕೊಳ್ಳತೊಡಗಿತು, ಡ್ಯಾಶ್‌ಬೋರ್ಡು ಅದುರಿತು, ವೇಗ ಪೂರ್ತಿ ಇಳಿಯುವವರೆಗೂ ನಿಲ್ಲಲಿಲ್ಲ. ಪಕ್ಕದಲ್ಲಿ ಹೆಂಡತಿ ಕೂತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅವರು ಹೇಳಿದ್ದು ಒಂದೇ ಮಾತು: “ಇದನ್ನ ಮಾರಿಬಿಡ್ರಿ.” ಮಗ ಕೈಯಾರೆ ಕಟ್ಟಿದ ಗಾಡಿ. ಹಾಗೆಂದು ಅವರೂ ಬಾಯಿಬಿಟ್ಟು ಹೇಳಲಿಲ್ಲ, ಇವರೂ ಹೇಳಲಿಲ್ಲ.

ಅಲ್ಲಿಂದ ಎರಡು ತಿಂಗಳಲ್ಲಿ ಮೂರು ಅಂಗಡಿಗಳಲ್ಲಿ ಮೂರು ಸಲ ವೀಲ್ ಅಲೈನ್‌ಮೆಂಟ್ ಆಯಿತು. ಮೂರು ಕಡೆಯೂ ಯಜಮಾನರು ಹೇಳಿದ್ದು “ಅಲೈನ್‌ಮೆಂಟ್ ಬಿಗಡ್ ಗಯಾ ಹೈ” ಎಂದು. ಅಂಗಡಿಯವರೂ ಕೇಳಿದ್ದನ್ನೇ ಕೊಟ್ಟರು. ಒಬ್ಬರು ಜೊತೆಗೆ ಹೊಸ ಸ್ಟಿಯರಿಂಗ್ ಡ್ಯಾಂಪರ್ ಕೂರಿಸಿದರು. ನಡುಕ ಹದಿನೈದು ದಿನ ಅಡಗಿ ಮತ್ತೆ ಬಂತು. ಡ್ಯಾಂಪರ್ ಇರುವುದು ಅದುರನ್ನು ಹೀರಿಕೊಳ್ಳಲಿಕ್ಕೆ, ಎಲ್ಲೋ ಸಡಿಲಾದದ್ದನ್ನು ಬಿಗಿ ಮಾಡಲಿಕ್ಕಲ್ಲ.

ಕೊನೆಗೆ ಅವರು ಫೋನು ಮಾಡಿದ್ದು ಹುಬ್ಬಳ್ಳಿಯಲ್ಲಿರುವ ಅಣ್ಣನಿಗೆ. ಅಣ್ಣ ಆಯುಷ್ಯವೆಲ್ಲ ಸಾರಿಗೆ ಬಸ್ಸು ಓಡಿಸಿದವರು.

“ಅಣ್ಣಾ, ಗಾಡಿ ಅಲೈನ್‌ಮೆಂಟ್ ಹೋಗೇತಿ.”

“ಅದನ್ನ ಮಶೀನ್ ಹೇಳ್ತೈತಿ, ನೀ ಯಾಕ ಹೇಳ್ತಿ? ನಿನ್ನ ಕೈಗೆ ಏನ ಗೊತ್ತಾಕ್ಕೈತಿ ಅದನ್ನ ಹೇಳು. ಎಳೀತೈತೊ, ತೇಲತೈತೊ, ನಡಗತೈತೊ?”

ಈ ಮೂರು ಕ್ರಿಯಾಪದಗಳಲ್ಲಿ ಅರ್ಧ ಪರೀಕ್ಷೆ ಮುಗಿದೇ ಹೋಗುತ್ತದೆ. ಎಳೆಯುವುದೆಂದರೆ ಗಾಡಿ ಸದಾ ಒಂದೇ ಕಡೆಗೆ ವಾಲುವುದು. ಗಾಳಿ ಎರಡೂ ಕಡೆ ಸಮ ಇಲ್ಲದಿರಬಹುದು, ಒಂದು ಗಾಲಿಯ ಬ್ರೇಕ್ ಹಿಡಿದುಕೊಂಡಿರಬಹುದು, ಟೈರೇ ಕೆಟ್ಟಿರಬಹುದು. ಮುಂದಿನ ಎರಡು ಟೈರು ಅದಲುಬದಲು ಮಾಡಿದಾಗ ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದೇ. ಮಳೆನೀರು ಹರಿಯಲೆಂದು ರಸ್ತೆಯನ್ನೇ ಅಂಚಿನ ಕಡೆಗೆ ಇಳಿಜಾರು ಮಾಡಿರುತ್ತಾರೆ, ಅದರಿಂದ ಸ್ವಲ್ಪ ಎಡಕ್ಕೆ ಜಾರುವುದು ರೋಗವಲ್ಲ. ತೇಲುವುದೆಂದರೆ ಗಾಡಿಗೆ ನೇರ ಹೋಗುವುದೇ ಮರೆತಂತಾಗುವುದು. ಒಮ್ಮೆ ಇತ್ತ, ಒಮ್ಮೆ ಅತ್ತ, ಚಾಲಕ ಸದಾ ತಿದ್ದುತ್ತಲೇ ಇರಬೇಕು. ನಡುಗುವುದು ಬೇರೆಯೇ. ಅದು ಒಂದು ವೇಗದಲ್ಲಿ, ಒಂದು ಪೆಟ್ಟಿಗೆ ಶುರುವಾಗುತ್ತದೆ.

“ತೇಲತೈತಿ. ಗುಂಡಿಗೆ ಬಿದ್ರ ನಡಗತೈತಿ.”

“ಹಂಗಾರ ಎರಡು ರೋಗ ಅದಾವು. ಒಂದ ಔಷಧ ಕೇಳಬ್ಯಾಡ.”

ಮೊದಲು ನಡುಕ. ಲಕ್ಷ್ಮೀ ನಗರದ ಮನೆಯ ಮುಂದೆಯೇ ಪರಿಚಯದ ಮೇಸ್ತ್ರಿ ಗಾಲಿಯನ್ನು ಜಾಕಿ ಮೇಲೆ ಎತ್ತಿದ, ಫೋನಿನಲ್ಲಿ ಅಣ್ಣ. ಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಾಡಿಸಿದರೆ ಟಕ್ ಟಕ್ ಎಂಬ ಸಡಿಲು. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದಾಗ ಆ ಸಡಿಲು ಮಾಯವಾದರೆ ಗಾಲಿಯ ಬೇರಿಂಗಿನದು. ಒತ್ತಿದರೂ ಉಳಿದರೆ ಕಿಂಗ್‌ಪಿನ್ನಿನದು. ಉಳಿಯಿತು. ಎಡ, ಬಲದಲ್ಲಿ ಕೈಯಿಟ್ಟು ಅಲುಗಾಡಿಸಿದಾಗ ಟೈ ರಾಡ್ ಎಂಡ್‌ಗಳು ಗಟ್ಟಿಯಾಗಿದ್ದವು. ಗಾಲಿ ತಿರುಗುವುದು ಮೇಲೆ, ಕೆಳಗೆ ಎರಡು ಕಿಂಗ್‌ಪಿನ್ ಬೇರಿಂಗುಗಳ ಮೇಲೆ. ಅವು ಸವೆದರೆ ಅಷ್ಟು ಭಾರದ ಟೈರನ್ನು ಹಿಡಿದಿಡುವವರು ಯಾರೂ ಇಲ್ಲ. ಬೇರಿಂಗ್ ಹೊಸದು ಬಂತು. ಬಿಗಿ ಸರಿಯಿದೆಯೋ ಇಲ್ಲವೋ ಎಂದು ಮೇಸ್ತ್ರಿ ಟೈ ರಾಡ್ ಕಳಚಿ ತೂಕದ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿದ. ನಡುಕ ಹೋಯಿತು. ತೇಲುವುದು ಹಾಗೇ ಉಳಿಯಿತು.

ಅದರ ಉತ್ತರ ಎರಡು ತಿಂಗಳಿಂದ ಮನೆಯಲ್ಲೇ ಇತ್ತು. ಮೂರು ಅಂಗಡಿಗಳು ಕೊಟ್ಟ ಮೂರು ಕಾಗದಗಳಲ್ಲೂ ಟೋ ಹಸಿರು, ಕ್ಯಾಸ್ಟರ್ ಕೆಂಪು. ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಗಾಲಿಗಳು ಮುಂದಕ್ಕೆ ಎಷ್ಟು ಕೂಡುತ್ತವೆ, ಎಷ್ಟು ಅಗಲುತ್ತವೆ ಎಂಬ ಲೆಕ್ಕ. ಕ್ಯಾಸ್ಟರ್ ಎಂದರೆ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ವಾಲಿದೆ ಎಂಬುದು. ಹ್ಯಾಂಡಲ್ ಬಿಟ್ಟರೂ ಸೈಕಲ್ ನೇರ ಹೋಗುವುದಕ್ಕೆ ಮುಂದಿನ ಫೋರ್ಕಿನ ವಾಲು ನೆರವಾಗುವಂತೆ. ಜಿಪ್ಸಿಯಲ್ಲಿ ನಟ್ಟು ತಿರುಗಿಸಿ ಸರಿಮಾಡಬಹುದಾದದ್ದು ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಆಕ್ಸಲ್ ಕೂತ ರೀತಿಯಲ್ಲೇ ಬಂದುಬಿಟ್ಟಿರುತ್ತವೆ. ಹಾಗಾಗಿ ಮೂರು ಸಲವೂ ಇದ್ದ ಒಂದು ನಟ್ಟನ್ನೇ ತಿರುಗಿಸಿ, ತಿರುಗಿಸಲು ನಟ್ಟೇ ಇಲ್ಲದ ಅಂಕಿಯನ್ನು ಕೆಂಪಾಗಿಯೇ ಬಿಟ್ಟು ಕಳಿಸಿದ್ದರು. ಯಂತ್ರ ಸುಳ್ಳು ಹೇಳಿರಲಿಲ್ಲ.

ಜಿಪ್ಸಿಯ ಮುಂದಿನ ಪಟ್ಟಿಗಳಿಗೆ ಶಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮುಂತುದಿ ತಗ್ಗುತ್ತದೆ, ಆಕ್ಸಲ್ ಮುಂದಕ್ಕೆ ಮಗುಚುತ್ತದೆ, ಕ್ಯಾಸ್ಟರ್ ಕರಗುತ್ತದೆ. ಮಗ ಗಳಿಸಿದ ಎತ್ತರಕ್ಕೆ ಅಪ್ಪನ ಸ್ಟಿಯರಿಂಗು ಕೊಟ್ಟ ಬೆಲೆ ಅದು. ಮೇಸ್ತ್ರಿ ಒಂದು ದಾರಿ ಹೇಳಿದ: ಪಟ್ಟಿಗೂ ಆಕ್ಸಲಿಗೂ ನಡುವೆ ಲೋಹದ ಬೆಣೆ ಹೊಡೆದು ಆಕ್ಸಲನ್ನು ಹಿಂದಕ್ಕೆ ವಾಲಿಸುವುದು. ಆದರೆ ಆಗ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕಡಿದಾಗುತ್ತದೆ, ಅದರ ಜಾಯಿಂಟು ಸವೆಯುತ್ತದೆ. ಒಂದನ್ನು ಎತ್ತಿದ್ದಕ್ಕೆ ಇನ್ನೆಷ್ಟನ್ನು ತಿದ್ದುತ್ತ ಹೋಗಬೇಕು? ಕಾನೂನಿನ ಮಾತು ಬೇರೆ ಇದೆ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಯಜಮಾನರಿಗೆ ಅದು ಗೊತ್ತಿತ್ತು. ಮಗನಿಗೂ ಗೊತ್ತಿದ್ದಿರಬೇಕು.

ಹಳೆಯ ಶಾಕಲ್‌ಗಳು ಅಟ್ಟದ ಮೇಲೆ ಇದ್ದವು. ಮಗ ಗ್ರೀಸ್ ಹಚ್ಚಿ ಮರಾಠಿ ಪೇಪರಿನಲ್ಲಿ ಸುತ್ತಿ, ಮೇಲೆ ಪೆನ್ನಿನಿಂದ ಬಲ, ಎಡ ಎಂದು ಬರೆದಿಟ್ಟಿದ್ದ. ವಾಪಸು ಹಾಕುವ ದಿನ ಬರಬಹುದೆಂದು ಅವನಿಗೂ ಅನ್ನಿಸಿತ್ತೇನೋ. ಆ ರಾತ್ರಿ ವಿಡಿಯೊ ಕಾಲಿನಲ್ಲಿ ಯಜಮಾನರು ವಿಷಯ ತೆಗೆದರು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬುಶ್ ಹೊಸಾವ ಹಾಕಸ್ರಿ ಅಪ್ಪಾ, ಹಳೇವು ಗಟ್ಟಿ ಆಗಿರ್ತಾವು” ಎಂದ. ಟೈರೂ ಮೊದಲಿನ ಅಳತೆಗೆ ಬಂತು. ನಾಲ್ಕನೆಯ ಅಲೈನ್‌ಮೆಂಟಿನ ಕಾಗದದಲ್ಲಿ ಕ್ಯಾಸ್ಟರ್ ಹಸಿರಾಗಿತ್ತು. ಉದ್ದನೆಯ ಶಾಕಲ್‌ಗಳು ಅದೇ ಪೇಪರಿನಲ್ಲಿ ಅಟ್ಟಕ್ಕೆ ಹೋದವು.

ಮುಂದಿನ ಭಾನುವಾರ ವರ್ಧಾ ರಸ್ತೆಯಲ್ಲಿ ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಮುಂದಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಅರವತ್ತು ದಾಟಿತು, ಅದೇ ಗುಂಡಿಯೂ ದಾಟಿತು. ಸ್ವಲ್ಪ ದೂರ ಹೋದ ಮೇಲೆ ಅವರು ಒಂದು ಕೈ ಬಿಟ್ಟು ಅಣ್ಣನಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿದರು.

“ಈಗ ಏನ ಮಾಡತೈತಿ?”

“ಏನೂ ಮಾಡವಲ್ದು, ಅಣ್ಣಾ.”

“ಸಾವಿರ ಕಿಲೋಮೀಟರ್ ಆದ ಮ್ಯಾಲ ಟೈರಿನ ಮ್ಯಾಲ ಕೈ ಆಡಿಸಿ ನೋಡು. ಒಂದ ಕಡಿಗೆ ಹಲ್ಲಿನಂಗ ಹತ್ತಿದ್ರ ಟೋ ತಪ್ಪೇತಿ ಅಂತ ತಿಳಕೊ. ಆವಾಗ ಹೋಗಿ ಅಲೈನ್‌ಮೆಂಟ್ ಕೇಳು.”