ಸಹಿ ಇಲ್ಲದ ಕಾಗದ

ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತಿಕೆ ಮಾಡುತ್ತ ಬಂದಿರುವ ನನಗೆ ಬೇರೇನು ಬರದಿದ್ದರೂ ಒಂದು ಕೆಲಸ ಚೆನ್ನಾಗಿ ಬರುತ್ತದೆ. ಅದು ಕಾಗದವನ್ನು ಮುಂದಕ್ಕೆ ಕಳಿಸುವುದು. ಹಾಗೆಂದು ಸುಮ್ಮನೆ ಕಳಿಸುವಂತಿಲ್ಲ. ಬಂದ ಕಾಗದಕ್ಕೆ ಡೈರಿ ನಂಬರು ಬೀಳಬೇಕು. ಹಿಂದಿನ ಪತ್ರಗಳನ್ನು ತೆಗೆದು ನೋಡಬೇಕು. ಟಿಪ್ಪಣಿ ಬರೆದು, ಕೆಳಗೆ ಚಿಕ್ಕ ಸಹಿ ಹಾಕಿ, ತಾರೀಖು ನಮೂದಿಸಬೇಕು. ಈಗ ಫೈಲುಗಳೆಲ್ಲ ಕಂಪ್ಯೂಟರಿನ ಹೊಟ್ಟೆ ಸೇರಿದ್ದರೂ ಯಾರು, ಯಾವ ದಿನ, ಎಷ್ಟು ಗಂಟೆಗೆ ಮುಂದೆ ಕಳಿಸಿದರೆಂಬುದು ಅಲ್ಲಿಯೂ ಉಳಿಯುತ್ತದೆ. ಆರು ವರ್ಷಗಳ ನಂತರ ಆಡಿಟ್ಟಿನವರು ಬಂದು ಕೇಳಿದರೂ ಉತ್ತರ ಕೊಡಬೇಕಾದವನು ನಾನೇ. ಈ ಭಯದಿಂದಲೋ ಅಭ್ಯಾಸದಿಂದಲೋ, ನೋಡದ ಕಾಗದವನ್ನು ನಾನು ಕಚೇರಿಯಲ್ಲಿ ಇಂದಿಗೂ ಮುಂದಕ್ಕೆ ತಳ್ಳಿದವನಲ್ಲ.

ಇಂಥ ನಾನು ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಡೊಂಬಿವಿಲಿಯಲ್ಲಿ ಗಾಡಿ ಹತ್ತಿ, ಒಂದು ಕಾಲನ್ನು ಊರಲು ಜಾಗ ಸಿಕ್ಕಿದ್ದೇ ಪುಣ್ಯವೆಂದು ನಿಂತುಕೊಂಡು, ಇದ್ದ ಒಂದು ಕೈಯಲ್ಲಿ ಮೊಬೈಲು ಹಿಡಿದು, ಒಂದು ಫೋಟೋವನ್ನು ಮೂರು ಗುಂಪುಗಳಿಗೆ ಕಳಿಸಿದೆ. ನಮ್ಮ ಸೊಸೈಟಿಯ ಗುಂಪಿನಿಂದ ಬಂದದ್ದು ಅದು. ಯಾವುದೋ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಚೀಲ ಹೊತ್ತ ಒಬ್ಬ ಹುಡುಗ, ಎದುರಿಗೆ ಒಂದು ಮಗು. ಕೆಳಗೆ ಮರಾಠಿಯಲ್ಲಿ, ಈತ ಮಕ್ಕಳನ್ನು ಪುಸಲಾಯಿಸುವವನು, ಎಚ್ಚರ, ಎಲ್ಲರಿಗೂ ತಿಳಿಸಿ ಎಂದಿತ್ತು. ನಮ್ಮ ರೈಲಿನ ಗುಂಪು, ಕನ್ನಡ ಗೆಳೆಯರ ಗುಂಪು, ಹುಬ್ಬಳ್ಳಿ-ಧಾರವಾಡದ ನೆಂಟರ ಗುಂಪು. ದಿವಾ ದಾಟಿ ಮುಂಬ್ರಾ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಪರೋಪಕಾರ ಮಾಡಿದ ಸಮಾಧಾನವೂ ಆಗಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಸಂಜೆ ಏಳೂವರೆಗೆ ಮನೆಗೆ ಬಂದರೆ ಗೇಟಿನ ಬಳಿ ಗುಂಪು ಕರಗುತ್ತಿತ್ತು. ಪಕ್ಕದ ಗಲ್ಲಿಯಲ್ಲಿ ಆ ಹುಡುಗನನ್ನು ಹಿಡಿದಿದ್ದರು. ನಾಲ್ಕೇಟು ಬಿದ್ದ ಮೇಲೆ ಯಾರೋ ಅವನ ಕೊರಳಿನ ಗುರುತಿನ ಚೀಟಿ ನೋಡಿದರು. ಪಾರ್ಸೆಲ್ ತಲುಪಿಸುವ ಹುಡುಗ. ಕರೆಗಂಟೆ ಕೆಟ್ಟಿದ್ದ ಮನೆಯ ಮುಂದೆ ಆಡುತ್ತಿದ್ದ ಮಗುವನ್ನು “ಅಪ್ಪ ಒಳಗಿದ್ದಾರಾ?” ಎಂದು ಕೇಳಿದ್ದೇ ಅವನ ಅಪರಾಧ. ಪೋಲೀಸರು ಕರೆದೊಯ್ದು ರಾತ್ರಿಯೇ ಬಿಟ್ಟರು.

ಇದನ್ನೆಲ್ಲ ನನಗೆ ಹೇಳಿದವರು ಕೆಳಗಿನ ಮನೆಯ ಟೀಚರು. ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಕುಟುಂಬದವರು, ಕನ್ನಡದಲ್ಲಿಯೇ ಪ್ರಾರ್ಥನೆ ಮಾಡುವವರು. ನಿವೃತ್ತರಾಗಿ ಹದಿನೈದು ವರ್ಷವಾಯಿತು. ಪೆಟ್ಟು ಬಿದ್ದಾಗ ಹುಡುಗ “ಯವ್ವಾ” ಎಂದು ಕೂಗಿದ್ದು ಅವರ ಕಿವಿಗೆ ಬಿತ್ತಂತೆ. ಗುಂಪಿನೊಳಗೆ ನುಗ್ಗಿ ಕನ್ನಡದಲ್ಲಿ ಮಾತಾಡಿಸಿ, ನೀರು ಕೊಟ್ಟು, ಪೋಲೀಸರು ಬರುವವರೆಗೆ ಪಕ್ಕದಲ್ಲೇ ಕುಳಿತರಂತೆ. ವಿಜಾಪುರ ಜಿಲ್ಲೆಯ ಇಂಡಿ ಕಡೆಯ ಹುಡುಗ.

ನಾನು “ಛೆ, ಛೆ” ಎನ್ನುತ್ತ ಮೆಟ್ಟಿಲ ಕಡೆ ಸರಿದೆ. ಟೀಚರು ಕರೆದರು.

“ಬೆಳಿಗ್ಗೆ ಕನ್ನಡ ಗುಂಪಿಗೆ ನೀವು ಕಳಿಸಿದ್ದು ನೋಡಿದೆ. ಅವನನ್ನು ನೀವು ಕಣ್ಣಾರೆ ಕಂಡದ್ದುಂಟಾ?”

“ಇಲ್ಲ ಟೀಚರ್.”

“ಮತ್ತೆ?”

ಆ “ಮತ್ತೆ”ಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರೂ ಬೈಯಲಿಲ್ಲ. ಬೈದಿದ್ದರೆ ಅಂದು ರಾತ್ರಿ ನಿದ್ದೆ ಬರುತ್ತಿತ್ತು.

ನಾನು ಓದಿದ್ದು ಬಿ.ಎಸ್ಸಿ. ನಿದ್ದೆ ಬಾರದಾಗ ಲೆಕ್ಕ ಮಾಡುವ ಚಟ. ಒಬ್ಬ ಐವರಿಗೆ ಕಳಿಸಿ, ಆ ಐವರು ತಲಾ ಐವರಿಗೆ ಕಳಿಸಿದರೆ ಹತ್ತನೆಯ ಸುತ್ತಿಗೆ ೯೭,೬೫,೬೨೫ ಆಗುತ್ತದೆ. ಕಾಲೇಜಿನಲ್ಲಿ ಯುರೇನಿಯಮ್ಮಿನ ಸರಪಳಿ ಕ್ರಿಯೆಯನ್ನು ಬಾಯಿಪಾಠ ಮಾಡಿದ್ದೆವು. ಅದನ್ನು ಹದ್ದಿನಲ್ಲಿಡಲು ನಡುವೆ ನ್ಯೂಟ್ರಾನುಗಳನ್ನು ಹೀರಿಕೊಳ್ಳುವ ಕಂಬಿಗಳನ್ನು ಇಳಿಬಿಡುತ್ತಾರೆ. ನಮ್ಮ ಗುಂಪಿನಲ್ಲಿ ಟೀಚರು ಅಂಥದೊಂದು ಕಂಬಿ. ಆ ಫೋಟೋ ಅವರ ಮೊಬೈಲಿಗೂ ಬಂದಿತ್ತು, ಅಲ್ಲಿಯೇ ನಿಂತಿತ್ತು.

ಐದರ ಲೆಕ್ಕವನ್ನು ನಾನು ಗಾಳಿಯಿಂದ ತೆಗೆದದ್ದಲ್ಲ. ೨೦೧೮ರ ಜುಲೈಯಲ್ಲಿ ವಾಟ್ಸಾಪ್ ಕಂಪನಿಯವರು, ಭಾರತದಲ್ಲಿ ಬಂದ ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿ ಹಾಕುವುದಾಗಿ ಹೇಳಿದರು. ಹೇಳಬೇಕಾಗಿ ಬಂದ ಕಾರಣವನ್ನು ಓದುಗರು ಮರೆತಿರಲಾರರು. ಆ ಜುಲೈ ಒಂದರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಐವರು ಅಲೆಮಾರಿಗಳನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ನಾಥಪಂಥದ ಡವರಿ ಗೋಸಾವಿಗಳು. ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಎರಡು ವಾರ ಕಳೆಯುವುದರೊಳಗೆ, ಜುಲೈ ೧೩ರಂದು, ನಮ್ಮದೇ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ತರುಣ ಇಂಜಿನಿಯರನಿಗೆ ಅದೇ ಗತಿಯಾಯಿತು. ಮಂಗಳವೇಢೆಯ ಹೆಸರು ಓದಿದಾಗ ಅಂದು ನನಗೆ ಬೇರೊಂದು ನೆನಪಾಗಿತ್ತು. ಬಿಜ್ಜಳನ ಆ ಊರಿನಲ್ಲಿ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದರೆಂದು ನಾವು ಕೇಳುತ್ತ ಬಂದಿದ್ದೇವೆ. ಅವರೂ ಒಂದರ್ಥದಲ್ಲಿ ನಮ್ಮ ವೃತ್ತಿಬಾಂಧವರೇ. ಅಂಥ ಊರಿನ ಬಡವರು ಇನ್ನಾರದೋ ಮೊಬೈಲಿನ ಹುಸಿಗೆ ಸತ್ತರಲ್ಲ ಎಂದು ಮರುಗಿದ್ದೆ. ಮರುಗಿದವನೇ ಏಳೆಂಟು ವರ್ಷಗಳ ಮೇಲೆ ಈ ಕೆಲಸ ಮಾಡಿದೆ. ತಿಳಿವಳಿಕೆಗೂ ಬೆರಳಿಗೂ ನಡುವೆ ಎಷ್ಟು ದೂರವೋ!

ಮುಂದಿನ ಶನಿವಾರ ಟೀಚರ ಮನೆಗೆ ಹೋದೆ. ಚಹಾ ಕೊಟ್ಟು, ಭಾನುವಾರದ ಶಾಲೆಯ ಮಕ್ಕಳಿಗೆ ಹೇಳುವ ಒಂದು ಕಥೆ ಹೇಳಿದರು. ಹದಿನಾರನೆಯ ಶತಮಾನದ ರೋಮಿನಲ್ಲಿ ಫಿಲಿಪ್ ನೇರಿ ಎಂಬ ಸಂತರಿದ್ದರು. ಚಾಡಿ ಹೇಳಿದ ಪಾಪವನ್ನು ನಿವೇದಿಸಿಕೊಂಡ ಹೆಂಗಸಿಗೆ ಅವರು, ಒಂದು ಕೋಳಿಯ ಪುಕ್ಕ ಕೀಳುತ್ತ ಊರೆಲ್ಲ ಸುತ್ತಿ ಬರಲು ಹೇಳಿದರಂತೆ. ಬಂದ ಮೇಲೆ, ಈಗ ಆ ಪುಕ್ಕಗಳನ್ನೆಲ್ಲ ಆರಿಸಿ ತಾ ಎಂದರಂತೆ. “ಅವರು ಕಥೋಲಿಕರು, ನಾವು ಪ್ರೊಟೆಸ್ಟಂಟರು. ಆದರೆ ಕಥೆ ಒಳ್ಳೆಯದಾದರೆ ಯಾರದಾದರೇನು?” ಎಂದು ನಕ್ಕರು. ಪೋಪ್ ಫ್ರಾನ್ಸಿಸ್ ೨೦೧೮ರ ಜನವರಿಯ ಸಂದೇಶವೊಂದರಲ್ಲಿ ಸುಳ್ಳುಸುದ್ದಿಯ ಮೂಲವನ್ನು ಏದೆನ್ ತೋಟದ ಸರ್ಪಕ್ಕೇ ಒಯ್ದು ಮುಟ್ಟಿಸಿದ್ದನ್ನೂ ಅವರೇ ಹೇಳಿದರು. ಸರ್ಪದ ಮಾತಿನಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಹವ್ವಳು ನಂಬಿದಳು. ನನ್ನ ಫೋಟೋದಲ್ಲೂ ಹುಡುಗ ನಿಜ, ಮೆಟ್ಟಿಲು ನಿಜ, ಮಗುವೂ ನಿಜ.

“ನಿನ್ನ ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನಮ್ಮಲ್ಲಿ ಉಂಟಲ್ಲ,” ಎಂದರು. “ಕಟಕಟೆ ಹತ್ತಿ ನಿಂತವರಿಗೆ ಮಾತ್ರ ಅದು ಅಂತ ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ.”

ಅವರು ಮೊಬೈಲನ್ನು ಶಪಿಸುವವರಲ್ಲ. ೨೦೨೦ರ ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗ ಅದರಲ್ಲೇ ಆರಾಧನೆ ನಡೆಸಿದವರು. ಶಾರ್ಜಾದ ಮೊಮ್ಮಗಳಿಗೆ ಅದರಲ್ಲೇ ಕನ್ನಡ ಕಾಗುಣಿತ ಕಲಿಸಿದವರು. ಹೊಸ ಯಂತ್ರದ ಭಯ ಅವರ ಹಿರಿಯರಿಗೂ ಇರಲಿಲ್ಲ. ಹರ್ಮನ್ ಮ್ಯೋಗ್ಲಿಂಗ್ ೧೮೪೩ರ ಜುಲೈ ಒಂದರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಊರಿನ ಗಾಳಿಮಾತಿನ ಬದಲು ಜನಕ್ಕೆ ತಿಳಿದ ಸುದ್ದಿ ಸಿಗಲೆಂದೇ ಎಂಬುದು ಟೀಚರ ಅಭಿಮಾನದ ಮಾತು. ಒಂದೊಂದು ಅಕ್ಷರವನ್ನೂ ಕೈಯಿಂದ ಬರೆದು ಕಲ್ಲಿಗಿಳಿಸಬೇಕಾಗಿದ್ದ ಆ ಕಾಲದಲ್ಲಿ ಯೋಚಿಸಲು ಪುರಸೊತ್ತು ಬೇಡವೆಂದರೂ ಸಿಗುತ್ತಿತ್ತು, ಅದು ಬೇರೆ ಮಾತು.

ಭಾನುವಾರ ಟೀಚರ ಆರಾಧನೆ ಮುಗಿದ ಮೇಲೆ ಇಬ್ಬರೂ ಕಲ್ಯಾಣ ಪೂರ್ವಕ್ಕೆ ಹೋದೆವು. ಆರು ಜನ ಹುಡುಗರು ಬಾಡಿಗೆಗಿರುವ ಕೋಣೆ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಬಾಗಿಲಲ್ಲೇ ಬಿದ್ದುಹೋದವು. “ತಮ್ಮಾ, ಆ ಫೋಟೋ ನಾನೂ ಮುಂದ ಕಳಿಸೇನಿ” ಎಂದಷ್ಟೇ ಹೇಳಿದೆ. ಅವನ ತುಟಿಯ ಬಾವು ಇನ್ನೂ ಇಳಿದಿರಲಿಲ್ಲ.

“ಬಿಡ್ರಿ ಸರ, ಆಗಿದ್ದು ಆಗಿ ಹೋತು,” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಫೋಟೋ ತಗಸಾಕ ಆಗತೈತೇನ್ರಿ? ನಮ್ಮೂರಾಗ ಅವ್ವಗ ಯಾರೋ ತೋರಿಸ್ಯಾರ,” ಎಂದ.

ಆಗುವುದಿಲ್ಲವೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಟೀಚರೇ ಹೇಳಿದರು. ಆಮೇಲೆ ಅವನ ತಾಯಿಗೆ ಫೋನು ಹಚ್ಚಿಸಿ, ತಾವು ಯಾರು, ಕಂಡದ್ದೇನು ಎಂಬುದನ್ನು ಅರ್ಧ ಗಂಟೆ ಮಾತಾಡಿದರು. ಮಂಗಳೂರಿನ ಕನ್ನಡ ಆ ತಾಯಿಗೆ ಎಷ್ಟು ತಿಳಿಯಿತೋ, ಕೊನೆಗೆ ಆಕೆ ಅತ್ತದ್ದು ಮಾತ್ರ ನನಗೂ ಕೇಳಿಸಿತು.

ಮುಖವೆಂಬುದು ಮನುಷ್ಯನ ಸ್ವಂತ ಆಸ್ತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲೇ ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ನಮ್ಮವರೆಂದು ಆಗ ನಾನೂ ಹೆಮ್ಮೆಪಟ್ಟಿದ್ದೆ. ಅವರು ೨೦೨೪ರಲ್ಲಿ ತೀರಿಕೊಂಡಾಗ ಆ ಸುದ್ದಿಯನ್ನೂ ಗುಂಪುಗಳಿಗೆ ದಾಟಿಸಿದ್ದೆ.

ಆ ರಾತ್ರಿ ಮೂರೂ ಗುಂಪುಗಳಿಗೆ ನಡೆದದ್ದನ್ನು ಬರೆದು, ತಪ್ಪು ನನ್ನದೆಂದು ಹೇಳಿ, ಕೆಳಗೆ ಹೆಸರು, ತಾರೀಖು ಹಾಕಿದೆ. ರೈಲಿನ ಗುಂಪಿನಲ್ಲಿ ಒಬ್ಬರು ಹೆಬ್ಬೆರಳು ಎತ್ತಿ ತೋರಿಸಿದರು. ಅದರ ಬೆನ್ನಿಗೇ ಇನ್ನೊಬ್ಬರು ಗುಲಾಬಿಯೊಂದಿಗೆ ಶುಭರಾತ್ರಿ ಕೋರಿದರು.

ದೀಪಾವಳಿ ಮುಗಿದ ಮೇಲೆ ಧಾರವಾಡದ ನನ್ನ ಸೋದರಮಾವನಿಂದ ಅದೇ ಫೋಟೋ ತಿರುಗಿ ಬಂತು. ಈ ಸಲ ಕೆಳಗಿನ ಬರಹ ಕನ್ನಡದಲ್ಲಿತ್ತು, ಡೊಂಬಿವಿಲಿ ಹೋಗಿ ಹುಬ್ಬಳ್ಳಿಯಾಗಿತ್ತು. ಫೋನು ಮಾಡಿ ಎಲ್ಲ ವಿವರಿಸಿದೆ. ಮಾವ ಸಾವಕಾಶವಾಗಿ ಕೇಳಿ, “ಹೌದೇನು? ಇರಲಿ ಬಿಡಪಾ, ಜಾಗ್ರತಿ ಇದ್ದರ ಚಲೋನ ಅಲ್ಲ?” ಎಂದರು. ಎಷ್ಟು ಜನಕ್ಕೆ ಕಳಿಸೀರಿ ಎಂದು ಕೇಳಿದೆ. ಲೆಕ್ಕ ಇಟ್ಟಿಲ್ಲವೆಂದರು.