ಮೇಲಿನ ಹೊಲದ ನೀರು

ಯಳವತ್ತಿ (ಗದಗ ಜಿಲ್ಲೆ), 11 ಜನವರಿ 2024, ಗುರುವಾರ

ಎಳ್ಳಮಾಸಿ. ಮಳೆ ಕೈಕೊಟ್ಟ ವರ್ಷವಾದರೂ ಚರಗ ತಪ್ಪಿಸಲಿಲ್ಲ. ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗಿ, ಮೊಸರನ್ನ ಬುಟ್ಟಿಗೆ ತುಂಬಿಕೊಂಡು ಎರಿ ಹೊಲಕ್ಕೆ ಹೋದೆವು. ಬಿಳಿಜೋಳ ಸೊಂಟದ ಮಟ್ಟಕ್ಕೂ ಬಂದಿಲ್ಲ. ತೆನೆ ಹಿಡಿದದ್ದೇ ದೊಡ್ಡದು. ಅಪ್ಪ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಬಂದು ಬೇವಿನ ನೆರಳಿಗೆ ಕುಂತ.

ಉಣ್ಣುವಾಗ ಅತ್ತಿ ಕೇಳಿದಳು, "ಫಾರಿನ್ನಿಗೆ ಹೊಂಟೀಯಂತಲ್ಲವಾ?" ಫಾರಿನ್ ಅಲ್ಲ, ಪಾಂಡಿಚೇರಿ ಹತ್ತಿರದ ಆರೋವಿಲ್ ಅಂದೆ. ಅಲ್ಲಿ ಏನು ಕಲಿಸತಾರ ಅಂದಳು. ನೀರು ಹಿಡಿಯೋದು, ಮಣ್ಣು ಉಳಿಸೋದು, ಮಂದಿ ಕೂಡಿ ಬಾಳೋದು ಅಂದೆ. ಅಪ್ಪ ರೊಟ್ಟಿ ಮುರಿಯುತ್ತ, "ಮೊದಲಿನ ಎರಡು ನಾನ ಕಲಸ್ತೇನಿ. ಮೂರನೇದು ಕಲತ ಬಂದರ ನನಗೂ ಸ್ವಲ್ಪ ಹೇಳು" ಅಂದ. ಎಲ್ಲರೂ ನಕ್ಕರು. ಯಾಕೆ ನಕ್ಕರೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಹೊಲ ದೊಡ್ಡಪ್ಪನದು. ಜೋರು ಮಳೆ ಬಂದರೆ ಅಲ್ಲಿಂದ ಇಳಿಯುವ ನೀರು ನಮ್ಮ ಬದು ಒಡೆದುಕೊಂಡು ಹಳ್ಳಕ್ಕೆ ಹೋಗುತ್ತದೆ, ಜೊತೆಗೆ ಮಣ್ಣೂ. ಎರಡು ಮನೆಯ ನಡುವೆ ಮಾತು ನಿಂತು ಬಹಳ ಕಾಲವಾಯಿತು.

ರಾತ್ರಿ ಬರೆಯುತ್ತಿದ್ದೇನೆ. ನಾನು ಮೊದಲು ಮನಸ್ಸಿಟ್ಟದ್ದು ಸ್ಕಾಟ್ಲೆಂಡಿನ ಫೈಂಡ್‌ಹಾರ್ನ್ ಮೇಲೆ. 1962ರಲ್ಲಿ ಕೆಲಸ ಕಳೆದುಕೊಂಡ ಒಂದು ಸಂಸಾರ, ಜೊತೆಗೊಬ್ಬ ಗೆಳತಿ, ಸಮುದ್ರದ ಮಗ್ಗುಲ ಮರಳು ನೆಲದಲ್ಲಿ ಕಾರವಾನ್ ನಿಲ್ಲಿಸಿ ಕಾಯಿಪಲ್ಯ ಬೆಳೆದು ಶುರುವಾದ ಊರು ಅದು. ಜಗತ್ತಿನ ಪರಿಸರ ಗ್ರಾಮಗಳ ಒಕ್ಕೂಟ 1995ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಲಿವಿಂಗ್ ರೂಟ್ಸ್ ಎಂಬ ಅಮೆರಿಕದ ಸಂಸ್ಥೆ ಒಂದು ಕಾಲಕ್ಕೆ ಫೈಂಡ್‌ಹಾರ್ನ್, ಆರೋವಿಲ್‌ಗಳಂಥ ಕಡೆ ಕಾಲೇಜು ಹುಡುಗರನ್ನು ಒಂದು ಸೆಮಿಸ್ಟರ್ ಇರಿಸಿ ಓದಿಸುತ್ತಿತ್ತು. ಗಿಡ ನೆಟ್ಟದ್ದಕ್ಕೂ ಪಾತ್ರೆ ತೊಳೆದದ್ದಕ್ಕೂ ವಿಶ್ವವಿದ್ಯಾಲಯದ ಅಂಕ ಸಿಗುತ್ತಿತ್ತು. ಈಗ ಲಿವಿಂಗ್ ರೂಟ್ಸ್ ಇಲ್ಲ. ಫೈಂಡ್‌ಹಾರ್ನ್ ಫೌಂಡೇಶನ್ ಕೂಡ ಕಳೆದ ವರ್ಷ ತನ್ನ ತರಗತಿಗಳನ್ನು ನಿಲ್ಲಿಸಿತು. ನಿಲ್ಲದಿದ್ದರೂ ಅಷ್ಟು ದುಡ್ಡು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ಆರೋವಿಲ್.

ಆರೋವಿಲ್, 24 ಜನವರಿ, ಬುಧವಾರ

ಹುಬ್ಬಳ್ಳಿಯಲ್ಲಿ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಪುದುಚೇರಿ. ಜೊತೆಗಿರುವವರು ಜರ್ಮನಿ, ಕೊರಿಯಾ, ಅಮೆರಿಕದವರು. ಅವರಿಗೆ ಇದು ಪರದೇಶ. ನನಗೇನು ಕಡಿಮೆ? ತಮಿಳು ಬಾರದು, ಇಂಗ್ಲಿಷು ಅರ್ಧಂಬರ್ಧ, ರೊಟ್ಟಿ ಇಲ್ಲ.

ಇವತ್ತು ಕಾಡಿನ ಪಾಠ. ಈಗ ಕಾಡಿರುವ ಜಾಗ 1968ರಲ್ಲಿ ಬೋಳು ಕೆಂಪು ದಿಬ್ಬವಾಗಿತ್ತು. ಮಳೆಗಾಲದಲ್ಲಿ ಕೊರಕಲುಗಳಲ್ಲಿ ಮಣ್ಣು ಹರಿದು ಸಮುದ್ರ ಕೆಂಪಾಗುತ್ತಿತ್ತಂತೆ. ಮೊದಲು ಬಂದವರು ಬದು ಹಾಕಿದರು, ಕೊರಕಲಿಗೆ ತಡೆ ಕಟ್ಟಿದರು, ಆಮೇಲೆ ಗಿಡ ನೆಟ್ಟರು. ಬೇಗ ಬೆಳೆಯುವುದೆಂದು ಆಸ್ಟ್ರೇಲಿಯಾದ ಅಕೇಶಿಯಾ ತಂದು ಅದರ ನೆರಳಲ್ಲಿ ಇಲ್ಲಿನದೇ ಗಿಡಗಳನ್ನು ಎಬ್ಬಿಸಿದರು. ಅಕೇಶಿಯಾ ತೋಪುಗಳಿಂದ ರೋಸಿದ ಮಲೆನಾಡಿನವರು ಇದನ್ನು ಕೇಳಿದರೆ ಜಗಳಕ್ಕೇ ಬಂದಾರು. ಇಲ್ಲಿ ಮಾತ್ರ ಅದರಿಂದ ಉಪಯೋಗವಾಗಿದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಮಧ್ಯಾಹ್ನ ಇಳಿಜಾರಿನ ಸಮಮಟ್ಟ ಗುರುತಿಸುವುದು ಕಲಿಸಿದರು. ಮೂರು ಬಡಿಗೆ ಕಟ್ಟಿ ಇಂಗ್ಲಿಷಿನ ಎ ಆಕಾರ ಮಾಡುವುದು, ನೆತ್ತಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು. ದಾರ ಅಡ್ಡಬಡಿಗೆಯ ನಟ್ಟನಡುವೆ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದರ್ಥ. ಹಾಗೆ ಹೆಜ್ಜೆ ಹೆಜ್ಜೆಗೆ ಗೂಟ ಬಡಿದುಕೊಂಡು ಹೋದರೆ ಹಾವು ಹರಿದಂತೆ ಒಂದು ಗೆರೆ ಬರುತ್ತದೆ. ಬದು ಆ ಗೆರೆಯ ಮೇಲೆ ಬೀಳಬೇಕು.

ಆಗ ಹೊಳೆಯಿತು. ನಮ್ಮಲ್ಲಿ ಬದುವಿಗೇನೂ ಬರವಿಲ್ಲ. ಮುಂಬೈ ಪ್ರಾಂತದ ಕಾಲಕ್ಕೆ, 1942ರಲ್ಲಿಯೇ, ಜಮೀನು ಅಭಿವೃದ್ಧಿ ಯೋಜನೆಗಳ ಕಾಯಿದೆ ಬಂದು ಮುಂದೆ ಬಯಲುಸೀಮೆಯ ಹೊಲಗಳಿಗೆ ಒಡ್ಡು ಹಾಕುವ ಕೆಲಸ ನಡೆದಿತ್ತು. ಆದರೆ ನಮ್ಮ ಬದು ಇರುವುದು ಸರ್ವೆ ನಂಬರಿನ ಗಡಿಯ ಮೇಲೆ. ನೀರಿಗೆ ಸರ್ವೆ ನಂಬರು ಗೊತ್ತಿಲ್ಲ. ಇಳಿಜಾರಿಗೆ ಓರೆಯಾಗಿ ನಿಂತ ಬದುವಿನ ಗುಂಟ ನೀರು ಓಡಿ ಒಂದು ಮೂಲೆಗೆ ಬಂದು ತುಂಬುತ್ತದೆ, ಅಲ್ಲೇ ಒಡೆಯುತ್ತದೆ. ಆರೋವಿಲ್‌ನಲ್ಲಿ ಗೆರೆ ಸಮಮಟ್ಟದಂತೆ ಹೋಗುವುದು ಅವರ ಜಾಣತನದಿಂದಲ್ಲ; ಅವರ ನೆಲ ಒಂದೇ ಫೌಂಡೇಶನ್ ಹೆಸರಿನಲ್ಲಿದೆ, ಅಷ್ಟೇ.

ಸಾಧನಾ ಫಾರೆಸ್ಟ್ ನೋಡಿ ಬಂದೆ. 2003ರಲ್ಲಿ ಇಸ್ರೇಲಿನ ದಂಪತಿ ಕಟ್ಟಿದ್ದು. ಹಾಲು ಮೊಸರೂ ಮುಟ್ಟದ ಊಟ, ನೀರಿಲ್ಲದ ಗೊಬ್ಬರದ ಕಕ್ಕಸು. ಫೋನಿನಲ್ಲಿ ಅವ್ವನಿಗೆ ಮೊಸರಿನದು ಹೇಳಿದೆ, ಕಕ್ಕಸಿನದು ಹೇಳಲಿಲ್ಲ. ಮೊಸರಿಲ್ಲ ಅಂದದ್ದಕ್ಕೇ ಅಷ್ಟು ಮರುಗಿದಳು.

ಆರೋವಿಲ್, 1 ಫೆಬ್ರವರಿ, ಗುರುವಾರ

ತಮ್ಮ ಬೆಳಿಗ್ಗೆ ಮೆಸೇಜು ಹಾಕಿದ್ದಾನೆ: ನಮ್ಮ ಮಾಗಡಿ ಕೆರೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅಂಕಸಮುದ್ರ, ಅಘನಾಶಿನಿ ಕೂಡ. ಇದರೊಂದಿಗೆ ದೇಶದಲ್ಲಿ ಅಂಥವು 80 ಆದವು.

ತರಗತಿಯಲ್ಲಿ ಹೇಳಿದೆ. ಮಾಗಡಿ ಅಂದರೆ ಯಾರಿಗೂ ಗೊತ್ತಿಲ್ಲ, ಪಟ್ಟೆತಲೆ ಹೆಬ್ಬಾತು ಅಂದಾಗ ಕೊರಿಯಾದ ಹುಡುಗಿ ಎದ್ದು ಕೂತಳು. ಹಿಮಾಲಯ ದಾಟಿ ಬರುವ ಹಕ್ಕಿ. ಚಳಿಗಾಲಕ್ಕೆ ಸುಮಾರು 8,000 ಬರುತ್ತವೆ. ಕೆರೆ ಇರುವುದು 50 ಹೆಕ್ಟೇರಿನಷ್ಟು, ಅದೂ ಮಳೆನೀರು ನಿಲ್ಲಿಸಿ ಹೊಲಕ್ಕೆ ಹಾಯಿಸಲೆಂದು ಮನುಷ್ಯರೇ ಕಟ್ಟಿದ್ದು. ಹಗಲೆಲ್ಲ ನೀರಿನಲ್ಲಿದ್ದು ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಯಾರ ಹೊಲ? ಶೇಂಗಾ ಬಿತ್ತಿದವನದು, ಕಡಲಿ ಬಿತ್ತಿದವನದು. ಬೈಯುತ್ತಾರೆ, ಓಡಿಸುತ್ತಾರೆ, ಕೊಲ್ಲುವುದಿಲ್ಲ. ಇದಕ್ಕೆ ಸಭೆ ಸೇರಿದ್ದಿಲ್ಲ, ಯಾರೂ ಸಹಿ ಹಾಕಿದ್ದಿಲ್ಲ.

"ಹಾಗಾದರೆ ನಿಮ್ಮದೂ ಪರಿಸರ ಗ್ರಾಮವೇ" ಅಂದ ಜರ್ಮನಿಯವ. ಇಲ್ಲ ಅಂದೆ. ಹಕ್ಕಿಯ ಜೊತೆ ಹೊಂದಿಕೊಂಡಷ್ಟು ನಾವು ಬದುವಿನ ಆಚೆಯವನ ಜೊತೆ ಹೊಂದಿಕೊಂಡಿಲ್ಲ. ಹಕ್ಕಿ ಮಾರ್ಚಿಗೆ ಹೋಗುತ್ತದೆ; ದೊಡ್ಡಪ್ಪ ಹೋಗುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಬೆವತೆ. ಅವನು ನಕ್ಕ, ಅರ್ಥವಾಯಿತೋ ಇಲ್ಲವೋ.

ಆರೋವಿಲ್, 28 ಫೆಬ್ರವರಿ, ಬುಧವಾರ

ಊರಿನ ಹುಟ್ಟುಹಬ್ಬ. ಮಾತೃಮಂದಿರದ ಪಕ್ಕ ನಸುಕಿನಲ್ಲೇ ಬೆಂಕಿ ಹಾಕಿ ಸುತ್ತ ಮೌನವಾಗಿ ಕೂತರು. 1968ರ ಇದೇ ದಿನ 124 ದೇಶಗಳ ಹಿಡಿಮಣ್ಣು ತಂದು ಅಮೃತಶಿಲೆಯ ಪಾತ್ರೆಯಲ್ಲಿಟ್ಟರು. ಐವತ್ತು ಸಾವಿರ ಮಂದಿಯ ಪಟ್ಟಣ ಎಂದು ಹಾಕಿದ ನಕ್ಷೆ. ಇವತ್ತು ಇರುವವರು ಮೂರು ಸಾವಿರದ ಮೇಲೆ ಕೆಲವು ನೂರು.

ತಿಂಡಿಗೆ ಕೂತಾಗ ಎದುರಿನ ಇಬ್ಬರು ಹಳಬರು ಒಬ್ಬರಿಗೊಬ್ಬರು ಮುಖ ತಿರುಗಿಸಿದರು. ಕೇಳಿದರೆ ರಸ್ತೆಯ ವಿಷಯ. ನಕ್ಷೆಯಲ್ಲಿರುವ ವರ್ತುಲ ರಸ್ತೆಗೆಂದು 2021ರ ಡಿಸೆಂಬರಿನಲ್ಲಿ ಬುಲ್ಡೋಜರ್ ಬಂದು ಮರ ಉರುಳಿಸಿತು. ಒಂದು ಪಂಗಡ ಅಡ್ಡ ನಿಂತಿತು, ಇನ್ನೊಂದು ನಕ್ಷೆಯೇ ಮೊದಲು ಅಂದಿತು. ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2022ರ ಏಪ್ರಿಲಿನಲ್ಲಿ ಆದೇಶವೂ ಬಂತು, ಜಗಳ ಮುಗಿದಿಲ್ಲ. ಒಂದೇ ಕನಸು ನಂಬಿ, ಬೇಕೆಂದೇ ಆರಿಸಿಕೊಂಡು ಬಂದವರು ಇವರು! ಕಾಡು ಬೆಳೆಸಲು ಬರುತ್ತದೆ, 15 ಮೀಟರ್ ಅಗಲದ ಕನ್ನಡಿ ಬಟ್ಟಲಿನಿಂದ ಬಿಸಿಲು ಹಿಡಿದು ಅನ್ನ ಬೇಯಿಸಲು ಬರುತ್ತದೆ, ಒಂದು ರಸ್ತೆಯ ಬಗ್ಗೆ ಒಮ್ಮತಕ್ಕೆ ಬರಲಾಗುವುದಿಲ್ಲ.

ನನಗೆ ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಇನ್ನೊಂದು ಗಮನಿಸಿದೆ: ಇಲ್ಲಿ ಕಸ ಗುಡಿಸುವವರು, ಗಾರೆ ಕಲಸುವವರು, ಅಡುಗೆಯವರು ಬಹುಪಾಲು ಕುಯಿಲಾಪಾಳ್ಯಂ, ಎಡೆಯಂಚಾವಡಿ ಮೊದಲಾದ ಸುತ್ತಲಿನ ಹಳ್ಳಿಗಳ ಕೂಲಿಯವರು. ಅವರು ಸಂಜೆ ಸೈಕಲ್ ಹತ್ತಿ ಹೋದ ಮೇಲೆ ನಾವು ಸಮುದಾಯದ ಬಗ್ಗೆ ಚರ್ಚೆಗೆ ಕೂರುತ್ತೇವೆ.

ಯಳವತ್ತಿ, 17 ಮಾರ್ಚ್, ಭಾನುವಾರ

ಊರಿಗೆ ಬಂದೆ. ಬಿಸಿಲು ಕಾಯುತ್ತಿದೆ, ಬಾವಿ ತಳ ಕಂಡಿದೆ.

ಗದಗಿನಿಂದ ಬರುವಾಗ ದಾರಿಯುದ್ದಕ್ಕೂ ಗಾಳಿಯಂತ್ರ ನೋಡುತ್ತ ಬಂದೆ. ಫೈಂಡ್‌ಹಾರ್ನ್‌ನಲ್ಲಿ ನೆಟ್ಟದ್ದು ನಾಲ್ಕೇ ನಾಲ್ಕು: 1989ರಲ್ಲಿ ಒಂದು, 2006ರಲ್ಲಿ ಮೂರು. ಒಡೆತನ ಅಲ್ಲಿಯವರದು, ಮೊದಲು ತಮ್ಮ ಮನೆಗೆ ಬಳಸಿ ಮಿಕ್ಕ ಕರೆಂಟು ಮಾರುತ್ತಾರೆ. ಆ ನಾಲ್ಕನ್ನು ನೋಡಲು ಜಗತ್ತಿನ ವಿದ್ಯಾರ್ಥಿಗಳು ವಿಮಾನ ಹತ್ತಿ ಬರುತ್ತಿದ್ದರು. ನಮ್ಮ ಜಿಲ್ಲೆಯ ಗುಡ್ಡದ ಮೇಲೆ ಎಣಿಸಲಾಗದಷ್ಟಿವೆ. ಒಡೆತನ ಕಂಪನಿಗಳದು, ನೆಲ ಕೊಟ್ಟವನಿಗೆ ದುಡ್ಡು ಸಿಕ್ಕಿತು, ಪಕ್ಕದ ಹೊಲದವನಿಗೆ ಸದ್ದು. ಗಾಳಿ ಒಂದೇ, ಯಂತ್ರವೂ ಒಂದೇ. ಬೇರೆಯಾಗಿರುವುದು ಪಾಲು.

ಪಾಲು ಹಾಕಿ ಕೂಡಿ ನಡೆಸುವುದು ನಮಗೆ ಗೊತ್ತಿಲ್ಲದ್ದೇನಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು ಇದೇ ಗದಗಿನ ಕಣಗಿನಹಾಳದಲ್ಲಿ, 1905ರಲ್ಲಿ. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಕಪ್ಪತಗುಡ್ಡದ ಬುಡದ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುತ್ತದೆಂದಾಗ, 2011ರಲ್ಲಿ, ತೋಂಟದ ಸಿದ್ಧಲಿಂಗ ಸ್ವಾಮಿಗಳ ಹಿಂದೆ ಊರೂರೇ ಎದ್ದು ನಿಂತಿತು. ಕಂಪನಿ ಹಿಂದೆ ಸರಿಯಿತು, ಮುಂದೆ 2019ರಲ್ಲಿ ಗುಡ್ಡ ವನ್ಯಧಾಮವೂ ಆಯಿತು. ಹೊರಗಿನವರು ಬಂದಾಗ ಒಂದಾಗುತ್ತೇವೆ. ಬದುವಿನ ಈಚೆ ಆಚೆ ಇರುವವರು ಒಂದಾಗುವುದಕ್ಕೆ ಮಾತ್ರ ಯಾವ ಸ್ವಾಮಿಗಳನ್ನು ಕರೆಯಬೇಕೋ.

ಅಪ್ಪ ಕೇಳಿದ, "ಏನ ಕಲತಿ?" ಬಡಿಗೆ ತಂದು ಎ ಕಟ್ಟಿ ತೋರಿಸಿದೆ.

ಯಳವತ್ತಿ, 12 ಮೇ, ಭಾನುವಾರ

ಮತದಾನ ಮುಗಿಯಿತು, ಬಸವ ಜಯಂತಿ ಮುಗಿಯಿತು. ಜನಕ್ಕೆ ಈಗ ಬಿಡುವಿದೆ.

ದೊಡ್ಡಪ್ಪನ ಮನೆಗೆ ನಾನೇ ಹೋದೆ. ಅಪ್ಪ ಹೋಗುವುದಿಲ್ಲ, ಹೋದರೆ ಅದು ಸೋಲು. ನನಗೆ ಸೋಲಿನ ಪ್ರಶ್ನೆ ಇಲ್ಲ, ನಾನು ಮಗಳು. ಚಾ ಕೊಟ್ಟರು. ನೀರಿನ ಮಾತು ತೆಗೆದೆ. "ನನ್ನ ಹೊಲದ ಮಣ್ಣೂ ಹೋಗತೈತಿ ತಂಗಿ, ನಿಮ್ಮಪ್ಪಗ ತಂದಷ್ಟ ಕಾಣತೈತಿ" ಅಂದರು. ಹೌದಲ್ಲ! ಇಷ್ಟು ವರ್ಷ ನಮ್ಮ ಮನೆಯಲ್ಲಿ ಆ ಮಾತು ಯಾರೂ ಆಡಿದ್ದಿಲ್ಲ.

ಇವತ್ತು ಎರಡೂ ಹೊಲಕ್ಕೆ ಕೂಡಿ ಹೋದೆವು. ಕೆಳಗಿನ ಹೊಲದ ಕಾಕಾನೂ ಬಂದ. ಆರೋವಿಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು, ಕೈಯಲ್ಲೊಂದು ಕಡ್ಡಿ ಹಿಡಿದವರದೇ ಸರದಿ. ಇಲ್ಲಿ ಕಡ್ಡಿ ಕೊಟ್ಟರೆ ಯಾರ ಬೆನ್ನಿಗೆ ಬೀಳುತ್ತಿತ್ತೋ. ನಾಲ್ವರೂ ಒಮ್ಮೆಗೇ ಮಾತಾಡಿದರು, ಆದರೂ ಎಲ್ಲರಿಗೂ ಎಲ್ಲರದೂ ಕೇಳಿಸುತ್ತಿತ್ತು. ಎ ಬಡಿಗೆ ನೋಡಿ ಮೊದಲು ನಕ್ಕವರು, ಊರಿನ ಗೌಂಡಿ ಬಂದು "ಇದು ನಮ್ಮ ಗುಂಡದ ಲೆಕ್ಕಾನ, ಖರೇ ಐತಿ" ಅಂದ ಮೇಲೆ ಸುಮ್ಮನಾದರು. ಗೂಟ ಬಡಿಯುತ್ತ ಹೋದೆವು. ಗೆರೆ ದೊಡ್ಡಪ್ಪನ ಹೊಲದೊಳಗೆ ಬಾಗಿ, ನಮ್ಮದರಲ್ಲಿ ಹಾಯ್ದು, ಕಾಕಾನ ಮೂಲೆ ಮುಟ್ಟಿ ಹಳ್ಳದ ಕಡೆ ಹೋಯಿತು.

ಹೆಚ್ಚು ನೆಲ ಹೋಗುವುದು ದೊಡ್ಡಪ್ಪನದು. ಅಲ್ಲಿ ಮಾತು ನಿಂತಿತು. ಎತ್ತಿನ ಮೇವಿಗೆ ಬರ ಇರುವ ವರ್ಷ. ಕೊನೆಗೆ ಕಾಕಾನೇ ದಾರಿ ಹೇಳಿದ: ಬದುವಿನ ಮೇಲಿನ ಹುಲ್ಲು ಇಡೀ ಉದ್ದಕ್ಕೂ ದೊಡ್ಡಪ್ಪನದು, ನಮ್ಮ ಹೊಲದಲ್ಲಿ ಬೆಳೆದದ್ದೂ ಅವರೇ ಕೊಯ್ಯಬೇಕು. ಅಪ್ಪ ಬಹಳ ಹೊತ್ತು ನೆಲ ನೋಡಿ, "ಕೊಯ್ಕೊಳ್ಳಲಿ" ಅಂದ. ದೊಡ್ಡಪ್ಪನ ಮುಖ ನೋಡಿ ಅಲ್ಲ, ಕಾಕಾನ ಮುಖ ನೋಡಿ. ಇರಲಿ.

ಆಳಿಗಾಳು ಮುಯ್ಯಿ ಕಟ್ಟಿ ನಾವೇ ಹಾಕೋಣವೆಂದರು ಹಿರಿಯರು. ಮುಯ್ಯಿಗೆ ಬರುವ ಹುಡುಗರು ಈಗ ಊರಿನಲ್ಲಿಲ್ಲ, ಗೋವಾ, ಮಂಗಳೂರು ಸೇರಿದ್ದಾರೆ. ಉದ್ಯೋಗ ಖಾತ್ರಿಯೇ ಗತಿ.

ಯಳವತ್ತಿ, 9 ಜೂನ್, ಭಾನುವಾರ

ಮಿರಗ ಕೂಡಿತು. ಹೆಸರು ಬಿತ್ತಲು ಅವಸರ, ಬರೆಯಲು ಹೊತ್ತಿಲ್ಲ.

ಬದು ಅರ್ಧವಾಗಿದೆ. ದೊಡ್ಡಪ್ಪನ ಹೊಲದ ಭಾಗ ಮುಗಿಯಿತು, ನಮ್ಮದು ನಡೆದಿದೆ, ಕಾಕಾನದು ಬಿತ್ತನೆ ಮುಗಿದ ಮೇಲೆ. ಒಬ್ಬೊಬ್ಬ ರೈತನ ಹೆಸರಿಗೂ ಅರ್ಜಿ ಬೇರೆ ಬೇರೆ, ಹಾಗಾಗಿ ಒಂದೇ ಗೆರೆ ಮೂರು ಕಡತವಾಗಿದೆ. ಅಕ್ಕಪಕ್ಕದ ಹೊಲದವರು ಮೊದಲೇ ಕೂಡಿ ಗೂಟ ಬಡಿದು, ಅರ್ಜಿಗಳನ್ನು ಒಂದೇ ದಿನ ಕೊಟ್ಟರೆ ಗೆರೆ ತುಂಡಾಗುವುದಿಲ್ಲ. ಮುಂದಿನ ಬೇಸಿಗೆಗೆ ಕೇಳಿದವರಿಗೆಲ್ಲ ಇಷ್ಟನ್ನು ಹೇಳಬೇಕು. ಎ ಬಡಿಗೆ ಗೌಂಡಿಯ ಮನೆಯಲ್ಲಿದೆ, ಯಾರು ಬೇಕಾದರೂ ಒಯ್ಯಬಹುದು. ಉದ್ಯೋಗ ಖಾತ್ರಿಯ ಕೂಲಿ 2024ರ ಏಪ್ರಿಲಿನಲ್ಲಿ ದಿನಕ್ಕೆ 349 ರೂಪಾಯಿ ಆಗಿತ್ತು.